ಕರುಳಿನ ಕೀಹೋಲ್ ಆಪರೇಶನ್: ತಯಾರಿ ಎಲ್ಲಿಂದ ಶುರು?

ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು, ಕೆಳಹೊಟ್ಟೆಯಲ್ಲೋ ಹೊಕ್ಕುಳ ಹತ್ತಿರವೋ ಎರಡು ಇಂಚಿನಷ್ಟು ಉದ್ದದ ಒಂದು ಗಾಯ. ಕರುಳಿನ ಕೀಹೋಲ್ (ಲ್ಯಾಪರೋಸ್ಕೋಪಿ) ಆಪರೇಶನ್ ಆದವರಲ್ಲಿ ಹೊರಗೆ ಕಾಣುವುದು ಇಷ್ಟೇ. ಇದನ್ನು ಕೇಳಿಯೇ ಮನೆಯವರು "ಸಣ್ಣ ಆಪರೇಶನ್ ಬಿಡಿ, ಎರಡು ದಿನದಲ್ಲಿ ಮನೆಗೆ ಬರ್ತಾರೆ" ಅಂದುಬಿಡುತ್ತಾರೆ. ಎಷ್ಟೋ ಜನ ಇದನ್ನು ಲೇಸರ್ ಆಪರೇಶನ್ ಅಂತಲೂ ಹೇಳುತ್ತಾರೆ. ಇದರಲ್ಲಿ ಲೇಸರ್ ಇಲ್ಲ.

ಗಾಯ ಸಣ್ಣದು, ಅದು ನಿಜ. ಆದರೆ ಒಳಗೆ ನಡೆಯುವ ಕೆಲಸ ಹೊಟ್ಟೆ ತೆರೆದು ಮಾಡುವ ಆಪರೇಶನ್‌ನಷ್ಟೇ ದೊಡ್ಡದು. ಕೆಟ್ಟ ಭಾಗವನ್ನು ರಕ್ತನಾಳಗಳ ಸಮೇತ ಬಿಡಿಸಿ ತೆಗೆಯುತ್ತಾರೆ. ಉಳಿದ ಎರಡು ತುದಿಗಳನ್ನು ಹೊಲಿಗೆಯಿಂದಲೋ ಸ್ಟೇಪ್ಲರ್‌ನಿಂದಲೋ ಕೂಡಿಸುತ್ತಾರೆ. ಆ ಜೋಡಣೆ ಗಟ್ಟಿಯಾಗಿ ಕೂಡಿಕೊಳ್ಳಬೇಕು. ಗದ್ದೆಗೆ ನಾಟಿ ಹಾಕಿದ ಪೈರು ಬೇರು ಹಿಡಿಯುವ ಹಾಗೆ ಅದು. ನಾಟಿ ಚೆನ್ನಾಗಿ ಹಾಕಿದರಷ್ಟೇ ಸಾಲದು, ಗದ್ದೆಯೂ ಹದವಾಗಿರಬೇಕು. ನಾಟಿ ಸರ್ಜನ್ ಕೈಯಲ್ಲಿದೆ. ಗದ್ದೆಯ ಹದ ಬಹುಪಾಲು ರೋಗಿಯ ಮತ್ತು ಮನೆಯವರ ಕೈಯಲ್ಲಿದೆ. ಅದಕ್ಕೆ ಒಂದು ರಾತ್ರಿ ಸಾಕಾಗುವುದಿಲ್ಲ, ವಾರಗಳು ಬೇಕು.

ಇಲ್ಲಿ ಹೇಳುತ್ತಿರುವುದು ಮೊದಲೇ ದಿನ ಗೊತ್ತುಮಾಡಿ ಮಾಡುವ ಆಪರೇಶನ್ ಬಗ್ಗೆ. ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರ್, ಪದೇಪದೇ ಕಾಡುವ ಡೈವರ್ಟಿಕ್ಯುಲೈಟಿಸ್ (ದೊಡ್ಡ ಕರುಳಿನ ಗೋಡೆಯಲ್ಲಿ ಮೂಡಿದ ಸಣ್ಣ ಚೀಲಗಳ ಉರಿಯೂತ), ಕರುಳಿನಲ್ಲಿ ಬಹುಕಾಲ ಉರಿಯೂತ ತರುವ ಕ್ರೋನ್ಸ್ ಕಾಯಿಲೆ, ನಮ್ಮಲ್ಲಿ ಈಗಲೂ ಕಾಣುವ ಕರುಳಿನ ಕ್ಷಯದಿಂದ ಕಿರಿದಾದ ಕರುಳು, ಇಂಥವು. ಕರುಳು ಒಡೆದೋ ಕಟ್ಟಿಕೊಂಡೋ ರಾತ್ರೋರಾತ್ರಿ ಓಡಿದವರಿಗೆ ತಯಾರಿಯ ಅವಕಾಶವೇ ಇರುವುದಿಲ್ಲ.

ಒಳಗೆ ಏನು ಮಾಡುತ್ತಾರೆ

ಮೊದಲು ಹೊಕ್ಕುಳ ಪಕ್ಕದ ತೂತಿನಿಂದ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಹೊಟ್ಟೆಯ ಗೋಡೆ ಮೇಲೆದ್ದು ಒಳಗೆ ಜಾಗವಾಗುತ್ತದೆ. ಬಿ.ಪಿ. ಅಳೆಯುವ ಲೆಕ್ಕದಲ್ಲೇ ಹೇಳುವುದಾದರೆ ಒತ್ತಡ ಸಾಮಾನ್ಯವಾಗಿ 12ರಿಂದ 15. ಈ ಗ್ಯಾಸೇ ಯಾಕೆ ಅಂದರೆ ಇದಕ್ಕೆ ಬೆಂಕಿ ಹತ್ತುವುದಿಲ್ಲ. ಒಳಗೆ ಕರೆಂಟಿನಿಂದ ಸುಟ್ಟು ಕತ್ತರಿಸುವ ಸಲಕರಣೆ ಓಡಾಡುತ್ತಿರುತ್ತದೆ, ನೋಡಿ. ಜೊತೆಗೆ ಇದು ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಆಮೇಲೆ ಕ್ಯಾಮೆರಾ, ಉದ್ದನೆಯ ಸಲಕರಣೆಗಳು. ಟೇಬಲ್ಲನ್ನು ತಲೆ ಕೆಳಗಾಗುವಂತೆಯೋ ಪಕ್ಕಕ್ಕೋ ವಾಲಿಸುತ್ತಾರೆ. ಆಗ ಸಣ್ಣ ಕರುಳು ತಾನೇ ಜಾರಿ ದಾರಿ ಬಿಡುತ್ತದೆ. ರೋಬೋಟ್ ಬಳಸಿದರೂ ವಿಧಾನ ಇದೇ, ಖರ್ಚು ಜಾಸ್ತಿ.

ಗ್ಯಾಸಿನ ಒತ್ತಡ ಮತ್ತು ತಲೆಕೆಳಗಾದ ಭಂಗಿ ಎರಡೂ ಸೇರಿ ಎದೆಯ ಕೆಳಗಿನ ವಪೆಯನ್ನು ಮೇಲಕ್ಕೆ ತಳ್ಳುತ್ತವೆ. ಶ್ವಾಸಕೋಶ, ಹೃದಯ ಕೆಲವು ಗಂಟೆ ಹೆಚ್ಚು ದುಡಿಯಬೇಕು. "ಹೊಟ್ಟೆ ಆಪರೇಶನ್‌ಗೆ ಹೃದಯದ ಎಕೋ ಯಾಕ್ರೀ?" ಅಂತ ಕೇಳುವವರಿಗೆ ಇದೇ ಉತ್ತರ. ಅನಸ್ತೇಶಿಯಾ ಡಾಕ್ಟರ ತಪಾಸಣೆಯನ್ನು ಬರೀ ಸಹಿಗಾಗಿ ಹೋಗುವ ಕೆಲಸ ಅಂದುಕೊಳ್ಳಬೇಡಿ. ಆಸ್ತಮಾ, ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಜೋರು ಗೊರಕೆ, ಹಿಂದೆ ಯಾವಾಗಲೋ ಅನಸ್ತೇಶಿಯಾ ಕೊಟ್ಟಾಗ ಆದ ತೊಂದರೆ, ಎಲ್ಲವನ್ನೂ ಅಲ್ಲಿ ಹೇಳಿ.

ಹಿಂದಿನ ಆಪರೇಶನ್‌ಗಳನ್ನೂ ಹೇಳಿ. ನಮ್ಮ ಹೆಂಗಸರು ಸಿಸೇರಿಯನ್ ನೆನಪಿಸಿಕೊಳ್ಳುತ್ತಾರೆ, ಇಪ್ಪತ್ತು ವರ್ಷದ ಹಿಂದಿನ ಸಂತಾನಹರಣ ಚಿಕಿತ್ಸೆಯನ್ನು ಮರೆತೇಬಿಟ್ಟಿರುತ್ತಾರೆ. ಹೊಟ್ಟೆ ಒಮ್ಮೆ ತೆರೆದಿದ್ದರೆ ಒಳಗೆ ಕರುಳು ಅಲ್ಲಲ್ಲಿ ಅಂಟಿಕೊಂಡಿರಬಹುದು. ಕ್ಯಾಮೆರಾ ಎಲ್ಲಿಂದ ಒಳಗೆ ಹೋಗಬೇಕು ಅನ್ನುವುದೇ ಅದರಿಂದ ಬದಲಾಗಬಹುದು.

ದೊಡ್ಡ ಕರುಳನ್ನು ಹೀಗೆ ತೆಗೆದ ಮೊದಲ ವರದಿಗಳು ಬಂದದ್ದು 1991ರಲ್ಲಿ. ಕ್ಯಾನ್ಸರಿಗೆ ಇದು ಸರಿಯೇ ಅಂತ ಸರ್ಜನ್‌ಗಳಲ್ಲೇ ಬಹಳ ಅನುಮಾನ ಇತ್ತು. ತೂತು ಹಾಕಿದ ಜಾಗದಲ್ಲೇ ಗಡ್ಡೆ ಮತ್ತೆ ಹುಟ್ಟಿದ ಪ್ರಕರಣಗಳು ಕಂಡಿದ್ದವು. 2004ರಲ್ಲಿ ಅಮೆರಿಕ ಮತ್ತು ಕೆನಡಾದ 48 ಆಸ್ಪತ್ರೆಗಳ 872 ರೋಗಿಗಳ ಅಧ್ಯಯನ ಪ್ರಕಟವಾಯಿತು. ಮೂರು ವರ್ಷದಲ್ಲಿ ಕ್ಯಾನ್ಸರ್ ಮರಳಿದ್ದು ಕೀಹೋಲ್ ಗುಂಪಿನಲ್ಲಿ ನೂರಕ್ಕೆ 16, ಹೊಟ್ಟೆ ತೆರೆದವರಲ್ಲಿ 18. ಹೆಚ್ಚುಕಮ್ಮಿ ಒಂದೇ. ಅನುಮಾನ ಬಹುಮಟ್ಟಿಗೆ ಅಲ್ಲಿಗೆ ತಣ್ಣಗಾಯಿತು. ಅದೇ ಅಧ್ಯಯನದಲ್ಲಿ ಕೀಹೋಲ್ ಅಂತ ಶುರುಮಾಡಿದ ನೂರರಲ್ಲಿ 21 ಜನರಿಗೆ ಮಧ್ಯದಲ್ಲಿ ಹೊಟ್ಟೆ ತೆರೆಯಬೇಕಾಯಿತು. ಈಗ ಪಳಗಿದ ಕೈಗಳಲ್ಲಿ ಆ ಸಂಖ್ಯೆ ಇಳಿದಿದೆ, ಸೊನ್ನೆಯಂತೂ ಆಗಿಲ್ಲ. ಒಪ್ಪಿಗೆ ಪತ್ರದಲ್ಲಿ "ಅಗತ್ಯವಿದ್ದರೆ ತೆರೆದ ಶಸ್ತ್ರಚಿಕಿತ್ಸೆ" ಅನ್ನುವ ಸಾಲು ಇದ್ದೇ ಇರುತ್ತದೆ. ರಕ್ತಸ್ರಾವವೋ ಅಂಟುವಿಕೆಯೋ ಕಂಡಾಗ ಸರ್ಜನ್ ಹೊಟ್ಟೆ ತೆರೆದರೆ ಅದು ಸೋಲಲ್ಲ, ವಿವೇಕ. ಮನೆಯವರು ಇದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಮೂರು ನಾಲ್ಕು ವಾರ ಮುಂಚೆ

ಮೊದಲು ರಕ್ತ. ಕರುಳಿನ ಗಡ್ಡೆಯಿಂದ ತಿಂಗಳುಗಟ್ಟಲೆ ಕಣ್ಣಿಗೆ ಕಾಣದ ಹಾಗೆ ರಕ್ತ ಜಿನುಗಿರುತ್ತದೆ. ಹಿಮೋಗ್ಲೋಬಿನ್ 8, 9ಕ್ಕೆ ಇಳಿದಿರುವುದು ಅಪರೂಪವಲ್ಲ. ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಅಂತ ಲೆಕ್ಕ. ಆಪರೇಶನ್ ದಿನ ಎರಡು ಬಾಟ್ಲಿ ರಕ್ತ ಹಾಕಿಸಿದರಾಯಿತು ಅನ್ನುವ ಧೋರಣೆ ಹಳೆಯದು. ಸಮಯ ಇದ್ದರೆ ಕಬ್ಬಿಣಾಂಶ ತುಂಬಿಸುವುದು ಉತ್ತಮ. ಮಾತ್ರೆ ನಿಧಾನ, ಕೆಲವರಿಗೆ ಹಿಡಿಸುವುದೂ ಇಲ್ಲ. ಹಾಗಾಗಿ ಡ್ರಿಪ್ಪಿನಲ್ಲಿ ಕೊಡುವ ಕಬ್ಬಿಣಾಂಶವನ್ನು ವೈದ್ಯರು ಸೂಚಿಸಬಹುದು. ಅದರ ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಅದಕ್ಕೇ ಆಪರೇಶನ್ ದಿನ ಗೊತ್ತಾದ ತಕ್ಷಣ "ನನ್ನ ಹಿಮೋಗ್ಲೋಬಿನ್ ಎಷ್ಟಿದೆ?" ಅಂತ ಕೇಳಿ.

ಎರಡನೆಯದು ಶುಗರ್. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8.5 ದಾಟಿದ್ದರೆ, ಕಾಯುವ ಅವಕಾಶ ಇರುವ ಆಪರೇಶನ್ನನ್ನು ಮುಂದಕ್ಕೆ ಹಾಕುವುದುಂಟು. ಕ್ಯಾನ್ಸರಿನಲ್ಲಿ ಅಷ್ಟು ಕಾಯಲು ಆಗುವುದಿಲ್ಲ. ಆಗ ಮಾತ್ರೆ ನಿಲ್ಲಿಸಿ ಇನ್ಸುಲಿನ್ ಶುರುಮಾಡಬಹುದು. "ಇನ್ಸುಲಿನ್ ಚುಚ್ಚಿಸಿಕೊಂಡರೆ ಜೀವನಪೂರ್ತಿ ಬಿಡಲ್ಲ" ಅಂತ ಹೆದರುವವರು ಬಹಳ. ಇಲ್ಲಿ ಅದು ಬಹಳ ಸಲ ಆಪರೇಶನ್ ಸುತ್ತಮುತ್ತಲಿನ ದಿನಗಳಿಗೆ ಮಾತ್ರ.

ಮೂರನೆಯದು ಹೊಗೆಸೊಪ್ಪು. ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಖರ್ಚಿಲ್ಲದ, ಆದರೆ ಎಲ್ಲಕ್ಕಿಂತ ಕಷ್ಟದ ಭಾಗ ಇದು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಬೀಡಿಯ ಹೊಗೆ ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನು ಕಸಿಯುತ್ತದೆ. ಹೊಸದಾಗಿ ಜೋಡಿಸಿದ ಕರುಳಿಗೆ ಬೇಕಾಗಿರುವುದೇ ರಕ್ತ ಮತ್ತು ಆಮ್ಲಜನಕ. ಕರುಳಿನ ಆಪರೇಶನ್‌ನಲ್ಲಿ ಎಲ್ಲರೂ ಹೆದರುವುದು ಜೋಡಣೆ ಸೋರುವುದಕ್ಕೆ, ಅಂದರೆ ಲೀಕ್. ಹೊಗೆಸೊಪ್ಪು ಬಳಸುವವರಲ್ಲಿ ಆ ಅಪಾಯ ಜಾಸ್ತಿ. "ನಾನು ಸೇದಲ್ಲ, ಸುಮ್ನೆ ಎಲೆ ಅಡಿಕೆ ಜೊತೆ ಸ್ವಲ್ಪ ಹಾಕ್ತೀನಿ" ಅನ್ನುವವರಿಗೂ ನಿಕೋಟಿನ್ ನಿಕೋಟಿನ್ನೇ. ನಾಲ್ಕು ವಾರ ಮುಂಚೆ ಬಿಟ್ಟರೆ ಫಲ ಚೆನ್ನಾಗಿ ಸಿಗುತ್ತದೆ. 1800-11-2356 ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ, ಕರೆಗೆ ಕಾಸಿಲ್ಲ. ಕುಡಿತವನ್ನೂ ಅಷ್ಟೇ ಮುಂಚೆ ನಿಲ್ಲಿಸಬೇಕು. ಆದರೆ ದಿನಾ ಜಾಸ್ತಿ ಕುಡಿಯುವವರು ಡಾಕ್ಟರಿಗೆ ಹೇಳದೆ ಏಕಾಏಕಿ ಬಿಡಬಾರದು. ನಡುಕ, ಫಿಟ್ಸ್ ಬರಬಹುದು. ನಾಚಿಕೆ ಬಿಟ್ಟು ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ.

ಇನ್ನು ಊಟ ಮತ್ತು ಓಡಾಟ. ಕಾಯಿಲೆ ಅಂತ ಗೊತ್ತಾದ ದಿನವೇ ಮನೆಯಲ್ಲಿ ರೋಗಿಯನ್ನು ಮಂಚಕ್ಕೆ ಹತ್ತಿಸಿ ಗಂಜಿ ಕುಡಿಸುವುದು ನಮ್ಮ ಪ್ರೀತಿಯ ರೀತಿ. ಆಪರೇಶನ್‌ಗೆ ಮುಂಚಿನ ವಾರಗಳಲ್ಲಿ ಇದು ಪೂರ್ತಿ ಉಲ್ಟಾ. ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನುವುದು ಲೆಕ್ಕ. 60 ಕಿಲೋದವರಿಗೆ 72ರಿಂದ 90 ಗ್ರಾಂ. ಅನ್ನ ಸಾರಿನಲ್ಲಿ ಇದು ಬರುವುದಿಲ್ಲ. ಒಂದು ಮೊಟ್ಟೆಯಲ್ಲಿ ಸಿಗುವುದೇ 6 ಗ್ರಾಂ. ಮೊಟ್ಟೆ, ಮೀನು, ಕೋಳಿ ತಿನ್ನುವವರಿಗೆ ದಾರಿ ಸುಲಭ. ತಿನ್ನದವರು ಹೆಸರುಬೇಳೆ, ಮೊಸರು, ಪನ್ನೀರು, ಹಾಲು ಹೆಚ್ಚಿಸಬೇಕು, ಬೇಕಾದರೆ ಪ್ರೋಟೀನ್ ಪುಡಿ. ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳಿಯೇ ಮಾಡಬೇಕು. ಕರುಳು ಕಿರಿದಾಗಿದೆ ಅಂತ ವೈದ್ಯರು ಹೇಳಿದ್ದರೆ ನಾರಿನ ಪದಾರ್ಥ ಬೇಡ. ಅಂಥವರಿಗೆ ಮೆತ್ತಗಿನ, ದ್ರವರೂಪದ ಊಟವೇ ಸರಿ.

ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಿರಿ, ಮಾತಾಡಬಹುದು ಆದರೆ ಹಾಡಲು ಆಗದು ಅನ್ನುವಷ್ಟು ವೇಗದಲ್ಲಿ. ಮೂರು ಚೆಂಡಿನ ಉಸಿರಾಟದ ಸಾಧನವನ್ನು ಆಪರೇಶನ್ ಆದ ಮೇಲೆ ಕೈಗೆ ಕೊಟ್ಟರೆ ನೋವಿನಲ್ಲಿ ಕಲಿಯಲು ಆಗುವುದಿಲ್ಲ. ಮೊದಲೇ ಕೊಂಡು ಮನೆಯಲ್ಲಿ ಅಭ್ಯಾಸ ಮಾಡಿ. ಊದುವುದಲ್ಲ, ಒಳಗೆ ಎಳೆಯುವುದು. 2023ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳಿಗೆ ನಾಲ್ಕು ವಾರ ವ್ಯಾಯಾಮ, ಪೌಷ್ಟಿಕ ಊಟ, ಧೈರ್ಯದ ಮಾತು, ಧೂಮಪಾನ ಬಿಡಿಸುವುದು, ಇಷ್ಟನ್ನೂ ಒಟ್ಟಿಗೆ ಕೊಟ್ಟಿದ್ದರು. ಗಂಭೀರ ತೊಡಕುಗಳು ಅವರಲ್ಲಿ ಕಡಿಮೆಯಾದವು.

ಮಾತ್ರೆಗಳ ಚೀಲ

ತಪಾಸಣೆಗೆ ಹೋಗುವಾಗ ಮಾತ್ರೆಗಳ ಹೆಸರು ಬಾಯಲ್ಲಿ ಹೇಳಬೇಡಿ. "ಒಂದು ಬಿಳಿ, ಒಂದು ಗುಲಾಬಿ" ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲ ಸ್ಟ್ರಿಪ್ಪುಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.

ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಒಂದೊಂದರ ಲೆಕ್ಕ ಒಂದೊಂದು. ವಾರ್ಫರಿನ್, ಕ್ಲೋಪಿಡೋಗ್ರೆಲ್ ಸಾಮಾನ್ಯವಾಗಿ ಐದಾರು ದಿನ ಮುಂಚೆ ನಿಲ್ಲುತ್ತವೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಮುಂದುವರಿಸುವುದೂ ಉಂಟು. ಇದನ್ನು ಹೃದಯದ ಡಾಕ್ಟರ್ ಮತ್ತು ಸರ್ಜನ್ ಮಾತಾಡಿಕೊಂಡು ಹೇಳಬೇಕು. ಪಕ್ಕದ ಮನೆಯವರು ನಿಲ್ಲಿಸಿದ್ದರು ಅಂತ ನೀವೂ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು.

ಇನ್ನೊಂದು ಸುಲಭವಾಗಿ ತಪ್ಪಿಹೋಗುವ ವಿಷಯ ಇದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆಗಳು ಈಗ ಬಹಳ ಜನರ ಡಬ್ಬಿಯಲ್ಲಿವೆ. ಬೇರೆ ಮಾತ್ರೆಯೊಂದಿಗೆ ಸೇರಿಸಿ ಮಾಡಿದ ಜೋಡಿ ಮಾತ್ರೆಯಲ್ಲೂ ಇರುತ್ತವೆ. ಇವುಗಳನ್ನು ಆಪರೇಶನ್‌ಗೆ ಮೂರು ದಿನ ಮುಂಚೆಯೇ ನಿಲ್ಲಿಸಬೇಕು ಅನ್ನುವುದು ನಿಯಮ. ಇಲ್ಲದಿದ್ದರೆ ಉಪವಾಸದಲ್ಲಿ ದೇಹದಲ್ಲಿ ಆಮ್ಲ ಹೆಚ್ಚಿಬಿಡಬಹುದು. ಅದೂ ಶುಗರ್ ಮೀಟರಿನಲ್ಲಿ ಸಂಖ್ಯೆ ಹೆಚ್ಚೇನೂ ಏರದೆ. ಹಾಗಾಗಿ ಪತ್ತೆಯಾಗುವುದೇ ತಡ. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಥರದ ಇಂಜೆಕ್ಷನ್ ಇದ್ದರೆ ಅದನ್ನೂ ಹೇಳಿ. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ.

ಆಯುರ್ವೇದದ ಕಷಾಯ, ನಾಟಿ ಔಷಧಿ, ಮಂಡಿ ನೋವಿನ ಪುಡಿ ಇವೆಲ್ಲ "ಔಷಧಿ ಅಲ್ಲ" ಅಂತ ನಾವು ಬಿಟ್ಟುಬಿಡುತ್ತೇವೆ. ಕೆಲವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಕಲಬೆರಕೆ ಇರುತ್ತದೆ. ಹೇಳಿಬಿಡಿ.

ಮಸಿಯ ಗುರುತು, ಚೀಲದ ಗುರುತು

ಕೀಹೋಲ್‌ನಲ್ಲಿ ಸರ್ಜನ್ ಕಳೆದುಕೊಳ್ಳುವುದು ಬೆರಳಿನ ಸ್ಪರ್ಶ. ಹೊಟ್ಟೆ ತೆರೆದರೆ ಕರುಳನ್ನು ಒತ್ತಿ ಗಡ್ಡೆ ಎಲ್ಲಿದೆ ಅಂತ ಹುಡುಕಬಹುದು. ಕ್ಯಾಮೆರಾದಲ್ಲಿ ಕರುಳಿನ ಹೊರಮೈ ಮಾತ್ರ ಕಾಣುತ್ತದೆ. ಗಡ್ಡೆ ಸಣ್ಣದಾಗಿದ್ದರೆ ಪತ್ತೆಯೇ ಆಗದು. ಹಾಗಾಗಿ ಮೊದಲೇ ಕೊಲೊನೋಸ್ಕೋಪಿಯಲ್ಲಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳಿನ ಒಳಗನ್ನು ನೋಡುವಾಗ, ಗಡ್ಡೆಯ ಹತ್ತಿರ ಕಪ್ಪು ಇಂಗಾಲದ ಮಸಿ ಚುಚ್ಚಿ ಹಚ್ಚೆ ಹಾಕುತ್ತಾರೆ. ಆ ಕಪ್ಪು ಹೊರಗಿನಿಂದಲೂ ಕಾಣುತ್ತದೆ. ಒಂದು ಕಡೆ ಕೊಲೊನೋಸ್ಕೋಪಿ, ಇನ್ನೊಂದು ಕಡೆ ಆಪರೇಶನ್ ಆಗುವುದಾದರೆ "ಗುರುತು ಹಾಕಿದ್ದೀರಾ?" ಅಂತ ಕೇಳಿ, ರಿಪೋರ್ಟಿನಲ್ಲಿ ಬರೆಸಿಕೊಳ್ಳಿ.

ಗುದನಾಳದ ಆಪರೇಶನ್ ಆದರೆ ಹೊಟ್ಟೆ ಮೇಲೆ ಚೀಲ ಬರಬಹುದು. ಜೋಡಣೆ ಮಾಯುವವರೆಗೆ ಮಲ ಅಲ್ಲಿಗೆ ಹೋಗದಂತೆ ಸಣ್ಣ ಕರುಳಿನ ಒಂದು ಕುಣಿಕೆಯನ್ನು ಹೊಟ್ಟೆಯ ಮೇಲೆ ತೆರೆಯುತ್ತಾರೆ. ಬಹಳ ಜನರಿಗೆ ಕೆಲವು ತಿಂಗಳಾದ ಮೇಲೆ ಅದನ್ನು ಮತ್ತೆ ಮುಚ್ಚುತ್ತಾರೆ. ಕ್ಯಾನ್ಸರ್ ಅನ್ನುವ ಮಾತಿಗಿಂತ ಈ ಚೀಲಕ್ಕೇ ಜಾಸ್ತಿ ಅಳುವವರಿದ್ದಾರೆ. ಹಾಗಾಗಿ ಜಾಗ ಗುರುತಿಸುವ ದಿನ ನೀವು ದಿನಾ ಉಡುವ ಬಟ್ಟೆಯಲ್ಲೇ ಹೋಗಿ. ಸೀರೆಯ ಒಳಲಂಗದ ಲಾಡಿ ಎಲ್ಲಿ ಕಟ್ಟುತ್ತೀರಿ, ಪಂಚೆ ಎಲ್ಲಿ ನಿಲ್ಲುತ್ತದೆ, ಪ್ಯಾಂಟಿನ ಬೆಲ್ಟ್ ಎಲ್ಲಿ, ಕೂತಾಗ ಹೊಟ್ಟೆ ಎಲ್ಲಿ ಮಡಚುತ್ತದೆ ಎಲ್ಲ ನೋಡಿ ಗುರುತು ಹಾಕಬೇಕು. ಮಲಗಿಸಿ ಮಾತ್ರ ಗುರುತು ಹಾಕಿದರೆ "ಕೂತು, ನಿಂತು, ಬಗ್ಗಿ ತೋರಿಸ್ತೀನಿ, ನೋಡಿ" ಅಂತ ನೀವೇ ಹೇಳಿ. ಮಡಿಕೆಯಲ್ಲಿ ಬಂದ ಚೀಲ ದಿನಾ ಸೋರುತ್ತದೆ.

ಕರುಳು ತೊಳೆಯುವುದು

ಇದರ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಮೊದಲು ಎಲ್ಲರಿಗೂ ಭೇದಿ ಮಾಡಿಸಿ ಕರುಳು ಖಾಲಿ ಮಾಡುತ್ತಿದ್ದರು. ಭೇದಿ ಔಷಧಿ ಒಂದನ್ನೇ ಕೊಟ್ಟರೆ ಸೋಂಕೇನೂ ಕಮ್ಮಿಯಾಗುವುದಿಲ್ಲ ಅಂತ ಆಮೇಲೆ ಅಧ್ಯಯನಗಳು ಹೇಳಿದವು. ಈಗ ಅಮೆರಿಕದ ಮಾರ್ಗಸೂಚಿ ಭೇದಿ ಔಷಧಿಯ ಜೊತೆ ನಿಯೋಮೈಸಿನ್, ಮೆಟ್ರೋನಿಡಜೋಲ್ ಥರದ ಆಂಟಿಬಯಾಟಿಕ್ ಮಾತ್ರೆ ಸೇರಿಸಲು ಹೇಳುತ್ತದೆ. ಆದರೆ ಫಿನ್‌ಲ್ಯಾಂಡಿನ 2019ರ ಅಧ್ಯಯನದಲ್ಲಿ ಅದರಿಂದಲೂ ಲಾಭ ಕಾಣಲಿಲ್ಲ. ಹಾಗಾಗಿ ಒಂದೇ ಥರದ ಆಪರೇಶನ್‌ಗೆ ಎರಡು ಆಸ್ಪತ್ರೆಯಲ್ಲಿ ಎರಡು ಥರ ಹೇಳಿದರೆ ಯಾರೋ ಒಬ್ಬರು ತಪ್ಪು ಅಂತಲ್ಲ. ನಿಮ್ಮ ಸರ್ಜನ್ ಹೇಳಿದ್ದನ್ನು ಪೂರ್ತಿ ಮಾಡಿ. ಅರ್ಧ ಕುಡಿದು ಬಿಟ್ಟರೆ ಕರುಳಲ್ಲಿ ತೆಳ್ಳಗಿನ ಮಲ ಉಳಿಯುತ್ತದೆ, ಅದು ಇನ್ನೂ ಕೆಟ್ಟದು.

ನಮ್ಮಲ್ಲಿ ಹೆಚ್ಚಾಗಿ ಕೊಡುವುದು ಪೆಗ್ಲೆಕ್ ಥರದ ಪಿಇಜಿ ಪುಡಿ. ಒಂದು ಪೊಟ್ಟಣಕ್ಕೆ 2 ಲೀಟರ್ ನೀರು. ಇದು ರಕ್ತಕ್ಕೆ ಸೇರುವುದಿಲ್ಲ, ನೀರನ್ನು ಕರುಳಲ್ಲೇ ಹಿಡಿದಿಟ್ಟು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ರುಚಿ ಉಪ್ಪುಪ್ಪು, ಜಿಡ್ಡು ಜಿಡ್ಡು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಸ್ಟ್ರಾ ಹಾಕಿ, 10-15 ನಿಮಿಷಕ್ಕೊಂದು ಲೋಟದಂತೆ ಕುಡಿದರೆ ಇಳಿಯುತ್ತದೆ. ಮಧ್ಯೆ ನಿಂಬೆಹಣ್ಣು ಚೀಪಬಹುದು. ವಾಂತಿ ಬಂದಂತಾದರೆ ಅರ್ಧ ಗಂಟೆ ಬಿಟ್ಟು ಮುಂದುವರಿಸಿ. ಕೊನೆಗೆ ತಿಳಿಯಾದ ಹಳದಿ ನೀರು ಹೋದರೆ ಕರುಳು ಶುದ್ಧವಾಗಿದೆ ಅಂತ. ಕಿಡ್ನಿ ಕಾಯಿಲೆ ಇದ್ದವರು ಫಾಸ್ಫೇಟ್ ಇರುವ ಭೇದಿ ಔಷಧಿ ತೆಗೆದುಕೊಳ್ಳಬಾರದು. ವಯಸ್ಸಾದವರಿದ್ದರೆ ಆ ರಾತ್ರಿ ಜೊತೆಗೆ ಯಾರಾದರೂ ಎಚ್ಚರವಿರಿ. ಹತ್ತಾರು ಸಲ ಎದ್ದು ಹೋಗುವಾಗ ತಲೆ ಸುತ್ತಿ ಬೀಳುವುದುಂಟು. ಕಬ್ಬಿಣಾಂಶದ ಮಾತ್ರೆಯನ್ನು ಸುಮಾರು ಒಂದು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ, ಅದು ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡುತ್ತದೆ.

ಅದಕ್ಕೂ ಮುಂಚಿನ ಎರಡು ಮೂರು ದಿನ ನಾರು ಕಡಿಮೆ ಇರುವ ಊಟ. ಇಲ್ಲಿ ನಮ್ಮ ಆರೋಗ್ಯದ ಊಟವೆಲ್ಲ ಬಂದ್. ರಾಗಿ ಮುದ್ದೆ, ಸೊಪ್ಪಿನ ಸಾರು, ಕಾಳು ಹುಳಿ, ಸೀಬೆಹಣ್ಣು, ಸೌತೆ ಕೋಸಂಬರಿ ಬೇಡ. ಬಿಳಿ ಅನ್ನ, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ, ಇಡ್ಲಿ, ಮೊಸರನ್ನ ಆಗಬಹುದು. ಒಗ್ಗರಣೆಯ ಸಾಸಿವೆ, ಕರಿಬೇವು ತೆಗೆದುಬಿಡಿ.

ಹಿಂದಿನ ದಿನ ಬರೀ ತಿಳಿ ದ್ರವ ಅಂದರೆ ಲೋಟದ ಆಚೆ ಬದಿ ಕಾಣುವಂಥದ್ದು. ಶೋಧಿಸಿದ ತಿಳಿಸಾರು, ಎಳನೀರು, ಶೋಧಿಸಿದ ನಿಂಬೆ ಪಾನಕ, ಹಾಲಿಲ್ಲದ ಟೀ. ಮಜ್ಜಿಗೆ, ಅಂಬಲಿ, ಹಾಲು ಇದಕ್ಕೆ ಸೇರುವುದಿಲ್ಲ.

ಉಪವಾಸ, ಹೊಕ್ಕುಳ, ಕಾಲುಂಗುರ

ರಾತ್ರಿ ಹನ್ನೆರಡರಿಂದ ಹನಿ ನೀರೂ ಕುಡಿಯಬೇಡಿ ಅನ್ನುವುದು ಇನ್ನೂ ಎಷ್ಟೋ ಕಡೆ ನಡೆದಿದೆ. ಅನಸ್ತೇಶಿಯಾ ತಜ್ಞರ ಮಾರ್ಗಸೂಚಿ ಬೇರೆಯೇ ಹೇಳುತ್ತದೆ: ಹಗುರ ಊಟ 6 ಗಂಟೆ ಮುಂಚೆವರೆಗೆ, ತಿಳಿ ದ್ರವ 2 ಗಂಟೆ ಮುಂಚೆವರೆಗೆ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಇಂಥ ಹಳೆಯ ಕಟ್ಟಳೆಗಳನ್ನು ಒಂದೊಂದಾಗಿ ಪ್ರಶ್ನಿಸಿದರು. ಅದರಿಂದ ಬೆಳೆದ, ಬೇಗ ಚೇತರಿಸಿಕೊಳ್ಳುವ ಕ್ರಮವನ್ನು ನಮ್ಮ ದೊಡ್ಡ ಆಸ್ಪತ್ರೆಗಳಲ್ಲೂ ಇರಾಸ್ ಅಂತ ಕರೆಯುತ್ತಾರೆ. ಬೆಳಿಗ್ಗೆ ಸಕ್ಕರೆ, ಪಿಷ್ಟ ಇರುವ ತಿಳಿ ಪೇಯ ಕೊಡುವುದೂ ಅದರ ಭಾಗ. ಶುಗರ್ ಇರುವವರಿಗೆ, ಕರುಳು ಕಟ್ಟಿಕೊಂಡವರಿಗೆ ಇದು ಹೊಂದದಿರಬಹುದು. "ನಾನು ಎಷ್ಟು ಗಂಟೆವರೆಗೆ ನೀರು ಕುಡಿಯಬಹುದು?" ಅಂತ ನೇರವಾಗಿ ಕೇಳಿ. ಹಾಲು ಹಾಕಿದ ಫಿಲ್ಟರ್ ಕಾಫಿ ತಿಳಿ ದ್ರವ ಅಲ್ಲ. ಒಂದು ಲೋಟ ಕಾಫಿಗೆ ಆಪರೇಶನ್ ಮುಂದೆ ಹೋಗಬಹುದು.

ಹಿಂದಿನ ರಾತ್ರಿ ಸೋಪು ಹಾಕಿ ಚೆನ್ನಾಗಿ ಸ್ನಾನ ಮಾಡಿ. ಹೊಕ್ಕುಳನ್ನು ಎರಡು ಮೂರು ದಿನ ಮುಂಚೆಯಿಂದ ಎಣ್ಣೆ ಹಚ್ಚಿದ ಹತ್ತಿಯಿಂದ ಮೆಲ್ಲಗೆ ಒರೆಸಿ ತೊಳೆಯಿರಿ. ಕ್ಯಾಮೆರಾ ಅದರ ಪಕ್ಕದಲ್ಲೇ ಒಳಗೆ ಹೋಗುವುದು, ಅಲ್ಲಿನ ಕೊಳೆ ಸೋಂಕಿಗೆ ದಾರಿ. ಹೊಟ್ಟೆಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಿಂದ ಸೋಂಕು ಜಾಸ್ತಿ. ಬೇಕಿದ್ದರೆ ಅಲ್ಲೇ ಯಂತ್ರದಿಂದ ಕತ್ತರಿಸುತ್ತಾರೆ. ಉಗುರಿನ ಬಣ್ಣ, ಬೆರಳ ತುದಿಯ ಮೆಹಂದಿ ಇದ್ದರೆ ಆಮ್ಲಜನಕ ಅಳೆಯುವ ಕ್ಲಿಪ್ ತಪ್ಪು ತೋರಿಸಬಹುದು. ಬಳೆ, ಮೂಗುತಿ, ಕಾಲುಂಗುರ, ಮಾಂಗಲ್ಯ ಎಲ್ಲ ತೆಗೆಯಬೇಕು. ಕರೆಂಟಿನ ಸಲಕರಣೆ ಬಳಸುವಾಗ ಲೋಹ ಇದ್ದರೆ ಚರ್ಮ ಸುಡುವ ಅಪಾಯ ಇದೆ. ವರ್ಷಗಳಿಂದ ತೆಗೆಯದ ಉಂಗುರವನ್ನು ಆಪರೇಶನ್ ಬೆಳಿಗ್ಗೆ ಎಳೆದಾಡುವ ಬದಲು ಮೊದಲೇ ಸಡಿಲ ಮಾಡಿಸಿ. ತಾಳಿ ತೆಗೆಯಲು ಮನಸ್ಸು ಒಪ್ಪದಿದ್ದರೆ ಅರಿಶಿನದ ದಾರ ಕಟ್ಟಿಕೊಳ್ಳಬಹುದೇ ಅಂತ ನರ್ಸ್ ಹತ್ತಿರ ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ.

ಕಾಗದಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ. ಯೋಜನೆಯಾಗಲಿ, ಖಾಸಗಿ ವಿಮೆಯಾಗಲಿ, ಮುಂಗಡ ಮಂಜೂರಾತಿಗೆ ದಿನ ಹಿಡಿಯುತ್ತದೆ. ಸ್ಟೇಪ್ಲರ್‌ಗಳ ಖರ್ಚು ಪ್ಯಾಕೇಜಿನಲ್ಲಿ ಸೇರಿದೆಯೇ ಅಂತ ಬಿಡಿಸಿ ಕೇಳಿ, ಬಿಲ್ ಏರುವುದು ಹೆಚ್ಚಾಗಿ ಅಲ್ಲೇ.

ಎಚ್ಚರವಾದ ಮೇಲೆ

ಆಪರೇಶನ್ ಆದದ್ದು ಹೊಟ್ಟೆಗೆ, ನೋವು ಭುಜಕ್ಕೆ! ಉಳಿದ ಗ್ಯಾಸ್ ವಪೆಯನ್ನು ಕೆರಳಿಸಿದಾಗ ನೋವು ಭುಜದಲ್ಲಿ ಕಾಣುತ್ತದೆ. ಒಂದೆರಡು ದಿನದಲ್ಲಿ ಹೋಗುತ್ತದೆ, ಹೃದಯದ್ದಲ್ಲ. ಅವತ್ತೇ ಸಂಜೆಯೋ ಮಾರನೇ ಬೆಳಿಗ್ಗೆಯೋ ಎಬ್ಬಿಸಿ ನಡೆಸುತ್ತಾರೆ. "ಪಾಪ, ಹಸಿ ಗಾಯ" ಅಂತ ತಡೆಯಬೇಡಿ. ಓಡಾಡಿದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇಳಿಯುತ್ತದೆ, ಕರುಳೂ ಬೇಗ ಚುರುಕಾಗುತ್ತದೆ. ಕೆಲವು ಕಡೆ ಚ್ಯೂಯಿಂಗ್ ಗಮ್ ಕೊಡುತ್ತಾರೆ. ಜಗಿದರೆ ಊಟ ಬಂತು ಅಂದುಕೊಂಡು ಕರುಳು ಎಚ್ಚರಗೊಳ್ಳುತ್ತದೆ. ಎಲ್ಲ ಸರಿಯಾಗಿದ್ದರೆ ಮೂರರಿಂದ ಐದು ದಿನದಲ್ಲಿ ಮನೆಗೆ.

ಮನೆಯನ್ನೂ ಮೊದಲೇ ಅಣಿ ಮಾಡಿಡಿ. ನೆಲದ ಹಾಸಿಗೆಯಿಂದ ಏಳುವುದು ಹೊಟ್ಟೆಗೆ ಕಷ್ಟ, ಮಂಚ ಬೇಕು. ಕುಕ್ಕರಗಾಲಲ್ಲಿ ಕೂರುವ ಕಕ್ಕಸಾದರೆ ಮೇಲೆ ಇಡುವ ಕಮೋಡ್ ಕುರ್ಚಿ ತಂದಿಡಿ. ನಾಲ್ಕರಿಂದ ಆರು ವಾರ ತುಂಬಿದ ಬಿಂದಿಗೆ, ಸಿಲಿಂಡರ್, ಮೊಮ್ಮಗು ಯಾವುದನ್ನೂ ಎತ್ತುವಂತಿಲ್ಲ.

ಜೋಡಣೆ ಸೋರಿದರೆ ಅದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೊದಲ ವಾರ, ಹತ್ತು ದಿನದಲ್ಲಿ. ಕೀಹೋಲ್ ಆದವರು ಅಷ್ಟರಲ್ಲಿ ಮನೆಯಲ್ಲಿರುತ್ತಾರೆ. ದಿನದಿನಕ್ಕೆ ಇಳಿಯಬೇಕಾದ ಹೊಟ್ಟೆನೋವು ಏರಿದರೆ, ಜ್ವರ, ಚಳಿ, ಎದೆಬಡಿತ ಜೋರಾದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ಗಾಯದಿಂದ ಕೀವು ಬಂದರೆ, ಒಂದು ಮೀನಖಂಡ ಊದಿಕೊಂಡರೆ ಅದೇ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ. ಗ್ಯಾಸ್ ಇರಬೇಕು ಅಂತ ಓಮದ ನೀರು ಕುಡಿಸಿ ಬೆಳಗಾಗಲಿ ಅಂತ ಕಾಯಬೇಡಿ. ಡಿಸ್ಚಾರ್ಜ್ ಆಗುವಾಗಲೇ ವಾರ್ಡಿನ ನಂಬರ್ ಬರೆಸಿಕೊಂಡು ಮನೆಯಲ್ಲಿ ಇಬ್ಬರ ಮೊಬೈಲಿನಲ್ಲಾದರೂ ಸೇವ್ ಮಾಡಿಡಿ.